ಕೇರ್ ಆಫ್ ಮೊಬೈಲ್ ಅಂಗಡಿ

ಸಿಂದಗಿಯಿಂದ ಇಂಡಿಗೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತರೂ, ಒಂದು ಕಾಲಕ್ಕೆ, ಸುತ್ತ ಯಾರಿದ್ದಾರೆಂದು ಹೇಳಬಹುದಾಗಿತ್ತು. ಫೋನಿನಲ್ಲಿ ಭಜನಾ ಪದ ಕೂಗಿದರೆ ಎಲಿ ಅಡಿಕಿ ಚಂಚಿಯ ಹಿರಿಯರು. ಡೊಳ್ಳು ಬಡಿದರೆ ಸಂತೆಯಲ್ಲಿ ಕುರಿ ಮಾರಿ ಬಂದವರು. ಕೂಸು ಕಿಲಕಿಲ ನಕ್ಕರೆ ಇನ್ನೂ ಲಗ್ನವಾಗದ ಹುಡುಗ. ಲಗ್ನವಾಗಿ ಕೂಸು ಹುಟ್ಟಿದವರು ಆ ಟೋನು ತೆಗೆಸಿಬಿಡುತ್ತಿದ್ದರು, ಮನೆಯಲ್ಲಿ ಕೇಳುವುದೇ ಸಾಕಾಗಿರುತ್ತಿತ್ತು. ಇನ್ನು ಫೋನು ಕೊಂಡಾಗ ಯಾವ ಟೋನಿತ್ತೋ ಅದೇ ಕೂಗಿದರೆ, ಅವರು ಸಾಲಿ ಮಾಸ್ತರರು ಇಲ್ಲವೇ ಬ್ಯಾಂಕಿನವರು. ಟೋನು ಬದಲಿಸಿಕೊಡುವ ಮಗ ಧಾರವಾಡದಲ್ಲಿ ಓದುತ್ತಿದ್ದಾನೆ ಎಂದು ತಿಳಿಯಬೇಕು.

ಇಷ್ಟರಲ್ಲಿ ನೀವು ಗಮನಿಸಿರಬಹುದು, ಯಾರೂ ಫೋನು ಬೇಗ ಎತ್ತುತ್ತಿರಲಿಲ್ಲ. ಎತ್ತಿದರೆ ಹಾಡು ನಿಲ್ಲುತ್ತದಲ್ಲ! ರೊಕ್ಕ ಕೊಟ್ಟು ಹಾಕಿಸಿದ ಹಾಡು. ನಾಲ್ಕು ಮಂದಿ ತಿರುಗಿ ನೋಡಲಿ, ಕಂಡಕ್ಟರ್ ‘ಯಾರಪಾ ಅದು?’ ಅನ್ನಲಿ, ಆಮೇಲೆ ಎತ್ತಿದರಾಯಿತು. ರಿಂಗ್‌ಟೋನು ಫೋನಿನ ಮಾಲಕರಿಗಾಗಿ ಇದ್ದದ್ದಲ್ಲ, ಆಸುಪಾಸಿನವರಿಗಾಗಿ ಇದ್ದದ್ದು.

ಮೊದಮೊದಲು ಎಲ್ಲರ ಕಿಸೆಯಲ್ಲೂ ಒಂದೇ ದನಿ. ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ 2002ರ ಅಕ್ಟೋಬರಿನಲ್ಲಿ ಶುರುವಾದದ್ದು. ಮರುವರ್ಷ ನೋಕಿಯಾ 1100 ಬಂತು. ಅದರ ನೆತ್ತಿಯ ಮೇಲೆ ಟಾರ್ಚು. ಬೇರೆ ಕಡೆಯವರಿಗೆ ಆ ಟಾರ್ಚು ಮೋಜಿನ ವಸ್ತುವಾಗಿತ್ತೋ ಏನೋ, ಇಂಡಿಯ ನಿಂಬೆ ತೋಟದವರಿಗೆ ಹಾಗಲ್ಲ. ತ್ರೀ ಫೇಸ್ ಕರೆಂಟು ಬರುವುದೇ ನಡುರಾತ್ರಿ; ಮೋಟರ್ ಚಾಲೂ ಮಾಡಲು ಕತ್ತಲಲ್ಲಿ ಹಾವು ಚೇಳು ನೋಡಿಕೊಂಡು ಬಾವಿಗೆ ಹೋಗಬೇಕು. ನಮ್ಮಲ್ಲಿ ಎಷ್ಟೋ ಜನ ಟಾರ್ಚು ತಂದರು, ಅದರಲ್ಲಿ ಫೋನೂ ಇತ್ತು. ಎಲ್ಲರ ಕಿಸೆಯ ಆ ಒಂದೇ ದನಿ, ನೋಕಿಯಾ ಟ್ಯೂನು, ಸ್ಪೇನಿನ ಗಿಟಾರ್ ವಾದಕ ಫ್ರಾನ್ಸಿಸ್ಕೊ ಟಾರೆಗಾ 1902ರ ಸುಮಾರಿಗೆ ರಚಿಸಿದ ವಾಲ್ಟ್ಸ್ ಒಂದರ ತುಣುಕು. ಬಸ್‌ಸ್ಟ್ಯಾಂಡಿನಲ್ಲಿ ಆ ಮಹಾನುಭಾವ ಒಮ್ಮೆ ನುಡಿದರೆ ಹತ್ತು ಮಂದಿ ಒಟ್ಟಿಗೇ ಕಿಸೆ ಮುಟ್ಟಿಕೊಳ್ಳುತ್ತಿದ್ದರು. ಕಿಸೆಗಳ್ಳರಿಗೆ ಫೋನು ಯಾವ ಕಿಸೆಯಲ್ಲಿದೆ ಎಂದು ಹುಡುಕುವ ತ್ರಾಸು ಇರಲಿಲ್ಲ.

ಬೇರೆ ಟೋನು ಬೇಕೆಂದರೆ ಸ್ವತಃ ಬರೆಯಬೇಕಿತ್ತು. ನೋಕಿಯಾ 3310ರಂಥ ಸೆಟ್ಟುಗಳಲ್ಲಿ ಕಂಪೋಸರ್ ಎಂಬುದಿತ್ತು. ಅಂಕಿಗಳ ಗುಂಡಿ ಒತ್ತಿ ಒಂದೊಂದೇ ಸ್ವರ ಕೂಡಿಸುತ್ತ ಹೋಗುವುದು. ಕೋಡು ಬರೆದ ಚೀಟಿಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಒಂದು ಗುಂಡಿ ತಪ್ಪಿದರೆ ಸಿನಿಮಾದ ಪ್ರೇಮಗೀತೆ ಅರ್ಧಕ್ಕೇ ಶೋಕಕ್ಕೆ ಇಳಿಯುತ್ತಿತ್ತು. ಚಿತ್ರಗಳ ಕಥೆಯೂ ಅಷ್ಟೇ. ಎಸ್ಸೆಮ್ಮೆಸ್ಸಿನಲ್ಲಿ ಹೋಗುವ ಪಿಕ್ಚರ್ ಮೆಸೇಜಿಗೆ ಅಗಲ 72 ಚುಕ್ಕಿ, ಎತ್ತರ 28 ಚುಕ್ಕಿ, ಬಣ್ಣ ಎಂಬುದು ಕಪ್ಪು ಮಾತ್ರ. ಒಟ್ಟು 2016 ಚುಕ್ಕಿ. ಅಷ್ಟು ಚುಕ್ಕಿ ಕೊಟ್ಟಿದ್ದರೆ ನಮ್ಮ ಹೆಣ್ಣುಮಕ್ಕಳು ಬಾಗಿಲ ಮುಂದೆ ರಂಗೋಲಿಯಲ್ಲಿ ಬಸವನ ಬಾಗೇವಾಡಿಯ ಮೂಲ ನಂದೀಶ್ವರನ ತೇರನ್ನೇ ಎಳೆಸುತ್ತಿದ್ದರು. ಫೋನಿನಲ್ಲಿ ಮಾತ್ರ ಅದು ಬಸವಣ್ಣನೋ ಎಮ್ಮೆಯೋ ಎಂದು ಕಳಿಸಿದವರನ್ನೇ ಕೇಳಬೇಕಾಗುತ್ತಿತ್ತು.

ಇ-ಮೇಲಿನಲ್ಲಿ ಹಾಡು, ಚಿತ್ರ ಕಳಿಸಬಹುದು ಎಂದು ನಮಗೆ ಮೊದಲು ಹೇಳಿದವರು ಪುಣೆ, ಬೆಂಗಳೂರು ಸೇರಿದ ಅಳಿಯಂದಿರು, ಭಾವಂದಿರು. ಅವರು ಹೇಳಿದ್ದು ಸುಳ್ಳಲ್ಲ. ಇ-ಮೇಲಿಗೆ ಅಂಟಿಸಿ ಕಳಿಸುವ ಪದ್ಧತಿ ಶುರುವಾದದ್ದೇ ಒಂದು ಹಾಡು ಮತ್ತು ಒಂದು ಫೋಟೋದಿಂದ. ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ನಥಾನಿಯಲ್ ಬೋರೆನ್‌ಸ್ಟೀನ್ ಎಂಬ ವಿಜ್ಞಾನಿ 1992ರ ಮಾರ್ಚ್ 11ರಂದು ತನ್ನ ಹಾಡುವ ಮೇಳದ ನಾಲ್ವರ ಫೋಟೋವನ್ನೂ ಅವರು ಹಾಡಿದ ತುಣುಕನ್ನೂ ಮೇಲಿಗೆ ಅಂಟಿಸಿ ಬಿಟ್ಟ. ಮುಂದೊಂದು ದಿನ ಮೊಮ್ಮಕ್ಕಳಾದರೆ ಅವರ ಫೋಟೋ ತನಗೆ ಮೇಲಿನಲ್ಲಿ ಬರಬೇಕು ಎಂಬುದು ಆತನ ಆಸೆಯಾಗಿತ್ತಂತೆ. ನಾಲ್ವರು ಕೂಡಿ ಹಾಡುವುದು, ಮೊಮ್ಮಕ್ಕಳ ಮಾರಿ ನೋಡುವುದು, ಇದಕ್ಕಿಂತ ನಮ್ಮ ಊರಿನದಾದ ಆಸೆ ಇನ್ನಾವುದು? ನಮ್ಮಲ್ಲೇ ಯಾರಾದರೂ ಭಜನಾ ಮೇಳದವರು ಇದನ್ನು ಕಂಡುಹಿಡಿಯಬೇಕಿತ್ತು ಎಂದು ನನಗೆ ಹಲವು ಸಲ ಅನ್ನಿಸಿದೆ. ಹಿಡಿಯುತ್ತಿದ್ದರೋ ಏನೋ, ಕರೆಂಟು ಇದ್ದಿದ್ದರೆ.

ಆದರೆ ಲೆಕ್ಕ ಕೂಡಿಬರಲಿಲ್ಲ. ಮೇಲಿಗೆ ಅಂಟಿಸಿದ ಕಡತವನ್ನು ಅಕ್ಷರಗಳಾಗಿ ಮಾರ್ಪಡಿಸಿ ಕಳಿಸುತ್ತಾರೆ. ಮೂರು ಬೈಟು ನಾಲ್ಕು ಅಕ್ಷರವಾಗುತ್ತದೆ. ಅಂದರೆ ಪುಣೆಯಲ್ಲಿ ಮೂರು ಎಂಬಿ ಇದ್ದ ಹಾಡು ದಾರಿಯಲ್ಲಿ ಉಬ್ಬಿ ನಾಲ್ಕು ಎಂಬಿಯಾಗುತ್ತದೆ. ಆಗಿನ ಜಿಪಿಆರ್‌ಎಸ್ ದರ ಬಹಳ ಕಡೆ 10 ಕೆಬಿಗೆ 10 ಪೈಸೆ. ಫೋನಿನಲ್ಲೇ ಮೇಲು ತೆರೆದು ಇಳಿಸಿಕೊಂಡರೆ ಒಂದು ಹಾಡಿಗೆ 41 ರೂಪಾಯಿ, ಜೊತೆಗೆ ಸಿಗ್ನಲ್ ಚೆನ್ನಾಗಿದ್ದರೂ ಕಾಲು ತಾಸು. ನಡುವೆ ಯಾರಾದರೂ ಫೋನು ಮಾಡಿ ‘ಊಟ ಆತೇನ್ರಿ?’ ಅಂದರೆ ಸಂಪರ್ಕ ಹರಿದು ಹಾಡು ಪಲ್ಲವಿಗೇ ನಿಲ್ಲುತ್ತಿತ್ತು. ಹಾಡು ಕಾಲು ಬಂದರೂ ರೊಕ್ಕ ಹೋದದ್ದು ಹೋಯಿತು. ಎಂಎಂಎಸ್ ಎಂಬ ಇನ್ನೊಂದು ದಾರಿಗೆ ಸಾಮಾನ್ಯವಾಗಿ 300 ಕೆಬಿಯ ಗೋಡೆ ಇತ್ತು, ಅದರಲ್ಲಿ ಹಾಡಿನ ಆಲಾಪವೂ ಹಿಡಿಸದು. ಅದೇ 41 ರೂಪಾಯಿಗೆ ಸಿಂದಗಿಯ ಮೊಬೈಲ್ ಅಂಗಡಿಯಲ್ಲಿ ಒಂದು ಜಿಬಿ ಮೆಮೊರಿ ಕಾರ್ಡು ತುಂಬಿಸಿ, ಮೇಲೊಂದು ಚಹಾ ಕುಡಿದು, ಬಸ್ಸಿನ ಚಿಲ್ಲರೆಯನ್ನೂ ಉಳಿಸಬಹುದಿತ್ತು.

ಹೀಗಾಗಿ ಮೇಲು ಬರುತ್ತಿದ್ದುದು ಅಂಗಡಿಗೆ. ಅಲ್ಲೊಬ್ಬ ಹುಡುಗ, ಅವನ ಮುಂದೆ ಹಳೆಯ ಕಂಪ್ಯೂಟರು, ಅದರ ಬಾಯಿಗೆ ಕಾರ್ಡ್ ರೀಡರು. ಪರದೆಯ ಮೇಲೆ ಭಕ್ತಿ, ಜಾನಪದ, ಡಿಜೆ, ಪ್ರವಚನ, ಕಾಮಿಡಿ, ಮಿಕ್ಸ್ ಎಂಬ ಫೋಲ್ಡರುಗಳು. ಇವ್ಯಾವುದರಲ್ಲೂ ಸೇರದವು ‘ನ್ಯೂ ಫೋಲ್ಡರ್ 2’ರಲ್ಲಿ. ಗಿರಾಕಿಗಳು ಹಾಡಿನ ಹೆಸರು ಹೇಳುತ್ತಿರಲಿಲ್ಲ.

‘ತಮ್ಮಾ, ಚಲೋ ಚಲೋ ಹಾಡ ಹಾಕು.’

‘ಯಾವ್ ನಮೂನಿ ಹಾಕ್ಲಿ ಕಾಕಾ?’

‘ನಮ್ಮಂಥೋರು ಕೇಳೂವಂಥಾವು ಹಾಕು. ನಡುವ ಎರಡು ಹುಡುಗರು ಕೇಳೂವಂಥಾವೂ ಇರ್ಲಿ.’

ಹುಡುಗ ಮಾರಿ ನೋಡಿ ಮಣೆ ಹಾಕುವವ. ಗಿರಾಕಿಯ ಪಟಗ, ಧೋತರ, ಕೈಯಲ್ಲಿನ ಚೀಲ ನೋಡಿ ಇನ್ನೂರು ಹಾಡು ಆರಿಸಿ ತುಂಬುತ್ತಿದ್ದ. ಈಗ ದೊಡ್ಡ ದೊಡ್ಡ ಕಂಪನಿಗಳು ಕೋಟಿ ಸುರಿದು ಯಾರಿಗೆ ಯಾವ ಹಾಡು ಹಿಡಿಸೀತೆಂದು ಲೆಕ್ಕ ಹಾಕುತ್ತವಂತೆ. ಆ ಹುಡುಗ ಅದನ್ನು ಇಪ್ಪತ್ತು ರೂಪಾಯಿಗೆ ಮಾಡುತ್ತಿದ್ದ, ಕಾರ್ಡು ಕರಪ್ಟ್ ಆದರೆ ಪುಕ್ಕಟೆ ಮತ್ತೊಮ್ಮೆ. ಈ ಇಪ್ಪತ್ತರಲ್ಲಿ ಹಾಡಿದವರಿಗೆ ಒಂದು ಪೈಸೆಯೂ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಸಾಲ ಮಾಡಿ ಕ್ಯಾಸೆಟ್ಟು ತೆಗೆಸಿದ ಭಜನಾ ಮೇಳದವರು ತಮ್ಮದೇ ಪದ ಬಸ್ಸಿನ ತುಂಬ ಕೂಗುವುದನ್ನು ಕೇಳಿ, ಖುಷಿಪಡಬೇಕೋ ಅಳಬೇಕೋ ತಿಳಿಯದೆ ಟಿಕೆಟ್ಟು ತೆಗೆದು ಕೂತಿರುತ್ತಿದ್ದರು.

ಹಾಡು ತುಂಬಿಕೊಳ್ಳುವ ಚಟ ಈ ಸೀಮೆಗೆ ಹೊಸದೇನಲ್ಲ. ಇಂಡಿಯ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾ ಮುಂತಾದ ಗೆಳೆಯರು ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಪಕ್ಕ, ಹೊಲದ ಬದುವಿನ ಮೇಲೆ ಹೆಂಗಸರ ಬಾಯಿಂದ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಅದೂ ವರ್ಗಾವಣೆಯೇ. ಕಿವಿಯಿಂದ ಕೈಗೆ, ಕೈಯಿಂದ ಕಾಗದಕ್ಕೆ. ಅಲ್ಲಿಯೂ ಹಾಡು ಕಟ್ಟಿದ ಅವ್ವಂದಿರ ಹೆಸರಿಲ್ಲ. ಆದರೆ ಆ ಗೆಳೆಯರು ಹಾಡಿದವರ ಎದುರು ಕೂತು, ಒಂದು ನುಡಿ ಮರೆತರೆ ನೆನಪಾಗುವ ತನಕ ಕಾದು ಬರೆದವರು. ಮೆಮೊರಿ ಕಾರ್ಡಿನ ಹುಡುಗನಿಗೂ ಅವರಿಗೂ ನಡುವೆ ಇಷ್ಟೊಂದು ಅಂತರ ನಾನು ಸುಮ್ಮನೆ ಇಡುತ್ತಿಲ್ಲ. ಇವನು ಕಾಯುತ್ತಿದ್ದುದು ಪರದೆಯ ಮೇಲಿನ ಹಸಿರು ಪಟ್ಟಿ ತುಂಬುವ ತನಕ ಮಾತ್ರ.

2006ರ ಕೊನೆಗೆ ‘ಮುಂಗಾರು ಮಳೆ’ ಸಿನಿಮಾ ಬಂತು ನೋಡಿ, ಮಳೆಯ ಮುಖ ಅಪರೂಪಕ್ಕೆ ಕಾಣುವ ನಮ್ಮ ತಾಲ್ಲೂಕುಗಳಲ್ಲಿ ಹುಡುಗರ ಕಿಸೆಯಲ್ಲೆಲ್ಲ ಮಳೆಯೋ ಮಳೆ. ಮುದ್ದೇಬಿಹಾಳದ ಸಂತೆಯಲ್ಲಿ ಒಬ್ಬ ಹಿರಿಯರು, ‘ಇದು ಕಿಸೆದಾಗ ಬರೂ ಬದ್ಲಿ ಹೊಲದಾಗ ಬಂದಿದ್ರ ಚಲೋ ಇತ್ತು’ ಅಂದಿದ್ದರು.

ಅಂಗಡಿಯ ಆಚೆಗೆ ಇನ್ನೊಂದು ದಾರಿ ಇತ್ತು, ದುಡಿಯಲು ಹೋದವರು. ಗೋವಾ, ಪುಣೆ, ಮುಂಬೈ ಕಡೆ ಗಾರೆ ಕೆಲಸಕ್ಕೆ, ಕಬ್ಬು ಕಡಿಯಲಿಕ್ಕೆ ಹೋದವರು ಜಾತ್ರೆಗೆ ಊರಿಗೆ ಬಂದರೆ, ಮಕ್ಕಳಿಗೆ ಅರಿವೆ, ಅವ್ವನಿಗೆ ಸೀರೆ, ಗೆಳೆಯರಿಗೆ ಹಾಡು ತರುತ್ತಿದ್ದರು. ಕಟ್ಟೆಯ ಮೇಲೆ ಕೂತು ‘ಬ್ಲೂಟೂತ್ ಬಿಡಪಾ’ ಅಂದರೆ ಶುರು. ಬ್ಲೂಟೂತಿನ ಕೈ ಹತ್ತು ಮೀಟರಿನಷ್ಟೇ ಉದ್ದ; ನಮ್ಮ ಸೆಟ್ಟುಗಳಿಗೆ ಹತ್ತು ಮೀಟರೂ ದೂರವೇ. ಎರಡು ಫೋನನ್ನು ಒಂದಕ್ಕೊಂದು ಹಚ್ಚಿ ಇಟ್ಟು, ಅಲುಗಾಡಿಸಬ್ಯಾಡ್ರೆಂದು ಗದರಿಸಿ, ಹಾಡು ಹೋಗುವ ತನಕ ಗೋವಾದ ಸುದ್ದಿ ಕೇಳುವುದು. ಎಷ್ಟು ಕೂಲಿ, ಮುಕಾದಮ ಹ್ಯಾಂಗಿದ್ದಾನೆ, ಅಲ್ಲಿ ನೀರು ಹ್ಯಾಂಗ. ಒಂದು ಹಾಡಿಗೆ ಎರಡು ನಿಮಿಷ. ಹತ್ತು ಹಾಡಿಗೆ ಊರಿನ ಅರ್ಧ ಸುದ್ದಿ ಮುಗಿಯುತ್ತಿತ್ತು. ಫೋನಿಗೆ ಇಟ್ಟ ಹೆಸರುಗಳು ಬೇರೆ ಮೋಜು. ಬಸ್ಸಿನಲ್ಲಿ ಬ್ಲೂಟೂತ್ ತೆರೆದರೆ ‘ಡಾನ್’, ‘ಒಂಟಿ ಹುಲಿ’, ‘ಲವ್ಲಿ ಬಾಯ್’ ಎಂದು ಪಟ್ಟಿ ಬೀಳುವುದು. ಯಾರಿವರು ಎಂದು ತಲೆಯೆತ್ತಿ ನೋಡಿದರೆ ಸೀಟಿನಲ್ಲಿ ತೂಕಡಿಸುತ್ತಿದ್ದ ನಾಲ್ಕು ಬಡಪಾಯಿಗಳು.

ಅದೇ ಹೊತ್ತಿಗೆ ಚೈನಾ ಸೆಟ್ಟುಗಳ ಕಾಲ. ಎರಡು ಸಿಮ್ಮು, ಹಿಂದೆ ನಾಲ್ಕು ಸ್ಪೀಕರು. ಕಿಸೆಯಲ್ಲಿಟ್ಟವರ ಎದೆಯೇ ಅದುರುವಷ್ಟು ಸಪ್ಪಳ. ಐಎಂಇಐ ಎಂಬ ಗುರುತಿನ ಸಂಖ್ಯೆ ಇಲ್ಲದ ಇಂಥ ಸೆಟ್ಟುಗಳ ಸಂಪರ್ಕವನ್ನು 2009ರ ಡಿಸೆಂಬರಿನಿಂದ ಸರಕಾರ ಬಂದ್ ಮಾಡಿಸಿತು. ಮಾತು ನಿಂತಿತು, ಹಾಡು ನಿಲ್ಲಲಿಲ್ಲ. ಕುರಿ ಕಾಯುವವರ ಹೆಗಲ ಮೇಲೆ, ನಿಂಬೆ ಹಣ್ಣು ಹರಿಯುವ ಹೆಣ್ಣಾಳುಗಳ ಬುಟ್ಟಿಯ ಪಕ್ಕ ಅವು ಇನ್ನೂ ಬಹಳ ದಿನ ಕೂಗಿದವು. ಫೋನು ಬರದ ಫೋನೇ ಚಲೋ, ಹಾಡಿನ ನಡುವೆ ಯಾರೂ ಕಾಡುವುದಿಲ್ಲ ಎಂದು ಅವರ ಅಭಿಪ್ರಾಯ.

ಇನ್ನು ಇ-ಮೇಲ್ ವಿಳಾಸದ ಸಂಗತಿ. ಹಿಂದೆ ಲಗ್ನಪತ್ರಿಕೆಗಳ ಕೆಳಗೆ ಫೋನ್ ನಂಬರು, ಅದರ ಮುಂದೆ ‘ಪಿ.ಪಿ.’ ಎಂದು ಅಚ್ಚಾಗಿರುತ್ತಿದ್ದುದು ನೆನಪಿರಬೇಕು. ಫೋನು ನಮ್ಮದಲ್ಲ, ಬಾಜೂ ಮನೆಯ ಸಾವಕಾರರದು, ಮಾಡಿದರೆ ಕರೆಯುತ್ತಾರೆ ಎಂದು ಅದರ ಅರ್ಥ. ಪತ್ರವೂ ‘ಕೇರ್ ಆಫ್’ ಕಿರಾಣಿ ಅಂಗಡಿಗೇ ಬರುತ್ತಿತ್ತು. ಆಂಡ್ರಾಯ್ಡ್ ಫೋನು ಬಂದು, ಒಳಗೆ ಹೋಗಬೇಕಾದರೆ ಜಿಮೇಲ್ ಐಡಿ ಕೊಡು ಎಂದು ಬಾಗಿಲಲ್ಲಿ ನಿಂತಾಗ, ನಮ್ಮ ಮಂದಿ ಅದನ್ನೂ ಪಿ.ಪಿ. ನಂಬರು ಮಾಡಿಬಿಟ್ಟರು. ‘ನಿಮ್ಮ ಐಡಿ ಏನ್ರಿ?’ ಎಂದರೆ ‘ಅಂಗಡ್ಯಾಗ ಅದರಿ’ ಎನ್ನುವವರು ಇವತ್ತಿಗೂ ಇದ್ದಾರೆ. ಪಾಸ್‌ವರ್ಡೂ ಅಲ್ಲೇ. ಅಂಗಡಿಯ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಓಣಿಗೆ ಓಣಿಯೇ ಪಾಸ್‌ವರ್ಡಿಲ್ಲದೆ ಉಳಿಯುತ್ತದೆ.

ಒಬ್ಬೊಬ್ಬರಿಗೆ ಒಂದೊಂದು ಐಡಿ ಮಾಡುವುದಕ್ಕೆ ಹೊತ್ತು ಬೇಕು. ಜಾತ್ರೆಯ ಗದ್ದಲದಲ್ಲಿ ಯಾರಿಗಿದೆ ಪುರುಸೊತ್ತು? ಅಂಗಡಿಗಳಲ್ಲಿ ಒಂದೇ ಐಡಿಯನ್ನು ಬಂದವರಿಗೆಲ್ಲ ಹಾಕಿ ಕೊಡುವ ರೂಢಿ ಬಿತ್ತು. ಇದರ ಫಲ ನಿಧಾನಕ್ಕೆ ಗೊತ್ತಾಯಿತು. ಗೂಗಲ್ ಬಲು ನಿಯತ್ತಿನ ಆಳು. ಒಂದು ಐಡಿಯ ಹೆಸರಿನಲ್ಲಿ ಬಂದ ನಂಬರು, ಫೋಟೋಗಳನ್ನೆಲ್ಲ ಅದೇ ಐಡಿ ಇರುವ ಎಲ್ಲ ಫೋನುಗಳಿಗೂ ಮುಟ್ಟಿಸುತ್ತದೆ. ಮುದ್ದೇಬಿಹಾಳ ಕಡೆಯ ಒಬ್ಬ ಹಿರಿಯರ ಫೋನಿನಲ್ಲಿ ಒಂದು ಬೆಳಗಾಗುವುದರೊಳಗೆ ಮುನ್ನೂರು ಹೊಸ ಹೆಸರು. ‘ಟ್ರ್ಯಾಕ್ಟರ್ ಶಿವಪ್ಪ’, ‘ಸಾಲ ಕೊಟ್ಟಾಂವ’, ‘ಸಾಲ ಕೊಟ್ಟಾಂವ 2’, ‘ಫೋನ್ ಎತ್ತಬ್ಯಾಡ’. ನಾಲ್ಕು ಜನರ ಫೋನಿನಲ್ಲಿ ‘ಅವ್ವ’ ಎಂದು ನಾಲ್ಕು ನಂಬರು. ಯಾವುದಕ್ಕೆ ಮಾಡಿದರೂ ಒಬ್ಬ ಅವ್ವ ಎತ್ತಿ, ‘ಉಂಡಿಯೇನಪಾ?’ ಅನ್ನುವವಳೇ. ಒಬ್ಬರ ಹತ್ತಿ ಹೊಲದ ಫೋಟೋ ಇನ್ನೊಬ್ಬರ ಫೋನಿನಲ್ಲಿ, ಅವರ ಮೊಮ್ಮಗಳ ಹುಟ್ಟುಹಬ್ಬದ ಕೇಕು ಇವರ ಫೋನಿನಲ್ಲಿ. ಬೋರೆನ್‌ಸ್ಟೀನ್ ಮಹಾಶಯ ತನ್ನ ಮೊಮ್ಮಕ್ಕಳ ಫೋಟೋ ಮಾತ್ರ ಬಯಸಿದ್ದ. ನಮ್ಮಲ್ಲಿ ಇ-ಮೇಲು ಯಾರ ಯಾರದೋ ಮೊಮ್ಮಕ್ಕಳನ್ನು ತಂದುಕೊಟ್ಟಿತು. ಹಿರಿಯರು ಸಿಟ್ಟಾಗಲಿಲ್ಲ. ‘ಕೂಸು ಚಂದ ಐತಿ, ಯಾರದೋ ಏನೋ, ಇರ್ಲಿ ಬಿಡು’ ಎಂದು ಅಳಿಸದೆ ಇಟ್ಟುಕೊಂಡರಂತೆ. ಖಾಸಗಿತನದ ಬಗ್ಗೆ ಭಾಷಣ ಮಾಡುವವರು ಒಮ್ಮೆ ಅವರನ್ನು ಕಾಣಬೇಕು. ಹಾಗೆಂದು ಇದೆಲ್ಲ ನಗುವ ಸಂಗತಿಯೂ ಅಲ್ಲ. ಬ್ಯಾಂಕಿನ ಕಾಗದ, ಆಧಾರ್ ಕಾರ್ಡಿನ ಫೋಟೋ ಕೂಡ ಅದೇ ದಾರಿಯಲ್ಲಿ ಊರೂರು ತಿರುಗಿರಬಹುದೆಂದು ನೆನೆದರೆ ಹೊಟ್ಟೆಯಲ್ಲಿ ಕಳವಳವಾಗುತ್ತದೆ.

ಫೋಟೋದ ವಿಷಯ ಬಂತಲ್ಲ, ಕನ್ಯಾ ನೋಡುವ ವ್ಯವಹಾರಕ್ಕೂ ಈ ಪಿ.ಪಿ. ಇ-ಮೇಲೇ ಆಧಾರವಾಗಿತ್ತು. ಸೊಲ್ಲಾಪುರ, ಪುಣೆ ಕಡೆಯ ಬೀಗರು ಹುಡುಗನ ಬಯೋಡಾಟಾ, ಫೋಟೋ ಮೇಲ್ ಮಾಡಿದ್ದೇವೆ ಎಂದು ಫೋನು ಮಾಡುತ್ತಿದ್ದರು. ಬಂದದ್ದು ಸೈಬರ್ ಅಂಗಡಿಗೆ. ಮನೆಯವರು ಅಂಗಿ ಬದಲಿಸಿ, ಪೇಟೆಗೆ ಬಂದು, ಪ್ರಿಂಟ್ ತೆಗೆಸಿಕೊಳ್ಳುವ ಹೊತ್ತಿಗೆ ಅಂಗಡಿಯ ಹುಡುಗ ವರನನ್ನು ನೋಡಿ ಆಗಿರುತ್ತಿತ್ತು. ಎದುರಿನ ಝೆರಾಕ್ಸ್‌ನವನೂ ನೋಡಿರುತ್ತಿದ್ದ. ಕಲರ್ ಪ್ರಿಂಟಿಗೆ ಹೆಚ್ಚು ರೊಕ್ಕ ಎಂದು ಕಪ್ಪು ಬಿಳುಪಿನಲ್ಲೇ ತೆಗೆಸಿದರೆ, ಬಯೋಡಾಟಾದಲ್ಲಿ ‘ಗೋಧಿ ಬಣ್ಣ’ ಎಂದಿದ್ದ ವರ ಕಾಗದದ ಮೇಲೆ ಎಳ್ಳಿನ ಬಣ್ಣಕ್ಕೆ ತಿರುಗಿರುತ್ತಿದ್ದ. ‘ಶಾಯಿ ಮುಗ್ಯಾಕ ಬಂದೈತ್ರಿ ಮಾಮಾ, ಹುಡುಗ ಹಂಗಿಲ್ಲ, ಕಂಪ್ಯೂಟರದಾಗ ಚಲೋ ಅದಾನ’ ಎಂದು ಅಂಗಡಿಯ ಹುಡುಗ ಹೇಳಿದ ಒಂದು ಮಾತಿನ ಮೇಲೆ ಮುಂದುವರಿದ ಸಂಬಂಧಗಳಿವೆ.

ಎತ್ತಬೇಡ ಎಂದು ಹೇಳಿ ಫೋನು ಮಾಡುವ ಪದ್ಧತಿಯ ಬಗ್ಗೆ ಹೇಳುವುದನ್ನೇ ಬಿಟ್ಟೆ. ಕಾಲರ್ ಟ್ಯೂನು ಬಂದ ಹೊಸತರಲ್ಲಿ, ಗೆಳೆಯನ ನಂಬರಿಗೆ ಮಾಡಿದರೆ ಕೇಳುವ ಹಾಡು ಪುಕ್ಕಟೆ. ಎತ್ತಿದರೆ ಮಾತ್ರ ರೊಕ್ಕ. ಮರೆತು ಎತ್ತಿದವನಿಗೆ ಬೈಗುಳ. ಕೆಲವರಿಗೆ ತಾವು ಕೇಳದೆಯೇ ಆ ಟ್ಯೂನು ಬಂದು ಅಡರಿ ತಿಂಗಳ ಬ್ಯಾಲೆನ್ಸು ನುಂಗಿತು. 2013ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇಂಥ ಸೇವೆಗಳಿಗೆ ಗಿರಾಕಿಯನ್ನು ಎರಡು ಸಲ ಕೇಳಿ ಒಪ್ಪಿಗೆ ಪಡೆಯಬೇಕೆಂದು ಕಂಪನಿಗಳಿಗೆ ತಾಕೀತು ಮಾಡಿತು. ಎರಡು ಸಲ ಕೇಳುವುದು ನಮಗೆ ಊಟದ ಪಂಕ್ತಿಯಲ್ಲಿ ರೂಢಿ ಇದ್ದದ್ದೇ, ಫೋನಿಗೆ ಬರಲು ತಡವಾಯಿತು.

ರಿಂಗ್‌ಟೋನಿಗೆ ತಕ್ಕ ಮನೆ ಅಂತ ಒಂದಿದ್ದರೆ ನಮ್ಮ ಜಿಲ್ಲೆಯ ಗೋಳಗುಮ್ಮಟ. ಮುಹಮ್ಮದ್ ಆದಿಲ್‌ಶಾಹ ಮಲಗಿರುವ ಆ ಕಟ್ಟಡದ ಮೇಲಿನ ಗ್ಯಾಲರಿಯಲ್ಲಿ ಪಿಸುಮಾತೂ ಎದುರು ಗೋಡೆಗೆ ಮುಟ್ಟುತ್ತದೆ, ಒಂದು ಚಪ್ಪಾಳೆ ಏಳು ಸಲಕ್ಕೂ ಹೆಚ್ಚು ತಿರುಗಿ ಬರುತ್ತದೆ. ಸಾಲಿ ಮಕ್ಕಳ ಪ್ರವಾಸದ ಹೊತ್ತಿನಲ್ಲಿ ಯಾರದೋ ಚೈನಾ ಸೆಟ್ಟು ಅಲ್ಲಿ ಡಿಜೆ ಹಾಡು ಶುರು ಮಾಡಿತು. ಆತ ಗಾಬರಿಯಾಗಿ ಬಂದ್ ಮಾಡಿದ ಮೇಲೂ ಗುಮ್ಮಟ ಹಾಡು ನಿಲ್ಲಿಸಲಿಲ್ಲ. ಗೈಡ್ ಸೊಂಟದ ಮೇಲೆ ಕೈಯಿಟ್ಟು, ‘ನೋಡ್ರಿ, ಬಾದಶಾಹರಿಗೂ ಡಿಜೆ ಸೇರ್ತದ’ ಅಂದ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಕಾರ್ಡ್ ತುಂಬಿಸುವ ಕೆಲಸ ಮೆಲ್ಲಗೆ ನಿಂತಿತು. ಈಗ ಅದೇ ಅಂಗಡಿಯವರು ‘ಸ್ಟೋರೇಜ್ ಫುಲ್’ ಬಿಡಿಸಿಕೊಡುತ್ತಾರೆ. ಜಿಮೇಲಿಗೂ ಫೋಟೋಗಳಿಗೂ ಕೂಡಿ ಪುಕ್ಕಟೆ ಇರುವುದು 15 ಜಿಬಿ. 2021ರ ಜೂನ್‌ನಿಂದ ಫೋಟೋಗಳ ಲೆಕ್ಕವೂ ಅದರಲ್ಲೇ. ಚಹಾ ಕಪ್ಪು, ಗುಲಾಬಿ ಹೂವಿನ ಶುಭೋದಯಗಳು ಬ್ಯಾಕಪ್ಪಾಗಿ ಅಲ್ಲಿ ಸಾವಿರಗಟ್ಟಲೆ ಕೂತುಬಿಟ್ಟರೆ, ಬರಬೇಕಾದ ಮೇಲು ಬಾಗಿಲಿಂದಲೇ ತಿರುಗಿ ಹೋಗುತ್ತದೆ. ಮೊದಲು ಕಾಸು ಕೊಟ್ಟು ತುಂಬಿಸುತ್ತಿದ್ದೆವು, ಈಗ ಕಾಸು ಕೊಟ್ಟು ಖಾಲಿ ಮಾಡಿಸುತ್ತೇವೆ. ಅಂಗಡಿಗೆ ಎರಡೂ ಒಂದೇ.

ಒಂದು ಫೋಲ್ಡರು ಮಾತ್ರ ಯಾರೂ ಖಾಲಿ ಮಾಡಿಸುವುದಿಲ್ಲ, ಪ್ರವಚನದ್ದು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಲಿಂಗೈಕ್ಯರಾದರು. ಬದುಕಿಡೀ ಕಿಸೆಯಿಲ್ಲದ ಅಂಗಿ ತೊಟ್ಟವರು ಅವರು. ಅವರ ದನಿ ಈಗ ಜಿಲ್ಲೆಯ ಎಲ್ಲರ ಕಿಸೆಯಲ್ಲಿದೆ. ಬಸವನ ಬಾಗೇವಾಡಿಯ ಅಂಗಡಿಯೊಂದರಲ್ಲಿ ಒಬ್ಬ ಮುತ್ಯಾ ಅದನ್ನೇ ರಿಂಗ್‌ಟೋನು ಮಾಡಿಕೊಡು ಎಂದು ಕೂತಿದ್ದರು. ರಿಂಗು ಎಷ್ಟು ಹೊತ್ತು ಆಗಬೇಕೆಂದು ಕಂಪನಿಗಳು ಜಗಳಾಡಿ, ಕೊನೆಗೆ 2019ರಲ್ಲಿ ಟ್ರಾಯ್ ಮೊಬೈಲಿಗೆ 30 ಸೆಕೆಂಡು ಎಂದು ಗೊತ್ತುಮಾಡಿದೆ. ಹುಡುಗ ಅಷ್ಟಕ್ಕೇ ಸರಿಯಾಗಿ ಒಂದು ಮಾತು ಕತ್ತರಿಸಿ ಹಾಕಿ, ನೋಡಲೆಂದು ತನ್ನ ಫೋನಿನಿಂದ ಕರೆ ಮಾಡಿದ. ಸ್ವಾಮೀಜಿಯ ದನಿ ಶುರುವಾಯಿತು. ಮುತ್ಯಾ ಕೈ ಮುಗಿದು ಕೇಳುತ್ತ ಕೂತರು, ಎತ್ತಲಿಲ್ಲ. ಮಾತು ಮುಗಿಯಿತು, ಕರೆಯೂ ಕಟ್ಟಾಯಿತು.

‘ಎತ್ರಿ ಮುತ್ಯಾ, ಹಿಂಗಾದ್ರ ಮಾಡಿದವರ ಗತಿ ಏನು?’

‘ಅಪ್ಪಾರು ಮಾತಾಡುವಾಗ ನಡುವ ಬಾಯಿ ಹಾಕಬಾರದೋ ತಮ್ಮಾ. ಅವರದು ಮುಗೀಲಿ. ಆಮ್ಯಾಲ ನಾನ ಮಾಡ್ತೀನಿ, ಬ್ಯಾಲೆನ್ಸ್ ಹಾಕು.’